ಎಂಜಿನ್ನಿನ ಕಳ್ಳ ಗಾಳಿ

ಓಡುವಾಗ ಚೆನ್ನಾಗಿಯೇ ಓಡುವ ಕಾರು ನಿಂತಾಗ ಮಾತ್ರ ನಡುಗುತ್ತದೆ. ಚೌಕದಲ್ಲಿ ಕೆಂಪು ದೀಪ ಹತ್ತಿ, ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದೊಡನೆ ಎಂಜಿನ್ನಿನ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಚಳಿಜ್ವರ ಬಂದವರಂತೆ ಬಾನೆಟ್ಟು ಅದುರುತ್ತದೆ. ಹಿಂದಿನ ಆಸನದಲ್ಲಿ ಕುಳಿತ ಅಜ್ಜಿ, "ಇದೇನಪ್ಪಾ, ಕಾರು ಹೀಗೆ ನಡುಗುತ್ತಿದೆಯಲ್ಲ!" ಎಂದು ಗಾಬರಿಗೊಳ್ಳುತ್ತಾರೆ. ಹಸಿರು ದೀಪ ಬಂದು ಕಾರು ಮುಂದೆ ಸಾಗಿತೋ, ಎಲ್ಲವೂ ಸರಿ. "ಸ್ವಲ್ಪ ಟ್ಯೂನಿಂಗ್ ಆಗಬೇಕಮ್ಮ, ಮತ್ತೇನಿಲ್ಲ" ಎಂದು ಮನೆಯ ಯಜಮಾನರು ಸಮಾಧಾನ ಹೇಳಿ ಆ ಸಂಗತಿಯನ್ನೇ ಮರೆತುಬಿಡುತ್ತಾರೆ.

ಮರೆವಿಗೆ ಬೆಲೆ ತೆರಬೇಕಾಗುತ್ತದೆ. ಮೊದಲು ಪೆಟ್ರೋಲಿನ ಖರ್ಚು ಏರುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ಗುಗಳು ಬದಲಾಗುತ್ತವೆ. ಅದರ ಹಿಂದೆಯೇ ಏರ್ ಫಿಲ್ಟರು, ಅದಾದ ಮೇಲೆ ಪೆಟ್ರೋಲ್ ಪಂಪು. ಹಣ ಹೋಗುತ್ತದೆ, ರೋಗ ಇದ್ದಲ್ಲಿಯೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಏಕೆಂದರೆ ಈ ಬಗೆಯ ನಡುಕಕ್ಕೆ ಅನೇಕ ವೇಳೆ ಕಾರಣವಾಗಿರುವುದು ಕಿರುಬೆರಳ ಗಾತ್ರದ ರಬ್ಬರ್ ಕೊಳವೆಯೊಂದರಲ್ಲಿ ಬಿದ್ದ ಬಿರುಕು. ಆ ಬಿರುಕಿನ ಮೂಲಕ, ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಲೆಕ್ಕಕ್ಕೂ ಸಿಗದೆ, ಎಂಜಿನ್ನಿನೊಳಕ್ಕೆ ಗಾಳಿ ನುಸುಳುತ್ತಿರುತ್ತದೆ. ಮೋಟಾರು ಕೆಲಸದವರು ಇದನ್ನು 'ಏರ್ ಲೀಕ್' ಎಂದೋ 'ವ್ಯಾಕ್ಯೂಮ್ ಲೀಕ್' ಎಂದೋ ಕರೆಯುತ್ತಾರೆ. ಕಳ್ಳ ಗಾಳಿಯೆಂದರೆ ಅದರ ಗುಣವನ್ನೇ ಹೇಳಿದಂತಾಗುತ್ತದೆ.

ಉಸಿರಾಟದ ಲೆಕ್ಕ

ಪೆಟ್ರೋಲ್ ಎಂಜಿನ್ನು ಮೂಲತಃ ಒಂದು ಗಾಳಿಯ ಪಂಪು. ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಕ್ಕೆ ಇಳಿಯುವಾಗ ಒಳಗವಾಟ ತೆರೆದುಕೊಂಡು ಗಾಳಿಯೂ ಪೆಟ್ರೋಲೂ ಬೆರೆತ ಮಿಶ್ರಣ ಒಳಕ್ಕೆ ಸೆಳೆಯಲ್ಪಡುತ್ತದೆ. ಆ ಗಾಳಿ ಬರುವ ಹೆದ್ದಾರಿಗೆ ಒಂದು ಬಾಗಿಲುಂಟು, ಅದೇ ಥ್ರಾಟಲ್. ಕಾಲಿನ ಕೆಳಗಿರುವ ಆಕ್ಸಿಲರೇಟರು ತೆರೆಯುವುದೂ ಮುಚ್ಚುವುದೂ ಈ ಬಾಗಿಲನ್ನೇ. ಬಾಗಿಲಿನಾಚೆ, ಎಂಜಿನ್ನಿನ ಕಡೆಗೆ, ಎಲ್ಲ ಸಿಲಿಂಡರುಗಳಿಗೂ ಗಾಳಿಯನ್ನು ಹಂಚುವ ಕವಲು ಕೊಳವೆ ಇದೆ. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು.

ಕಾರು ನಿಂತು ಎಂಜಿನ್ನು ಮಾತ್ರ ಮೆಲ್ಲಗೆ ತಿರುಗುತ್ತಿರುವಾಗ ಈ ಬಾಗಿಲು ಹೆಚ್ಚು ಕಡಮೆ ಮುಚ್ಚಿಯೇ ಇರುತ್ತದೆ. ಪಿಸ್ಟನ್ನುಗಳಾದರೋ ಬಿಡದೆ ಹೀರುತ್ತಲೇ ಇರುತ್ತವೆ. ಬಾಗಿಲು ಮುಚ್ಚಿದ ಕೋಣೆಯಿಂದ ಗಾಳಿಯನ್ನು ಹೀರಿದರೆ ಒಳಗೆ ಒತ್ತಡ ಕುಸಿಯಬೇಕಷ್ಟೆ. ಆರೋಗ್ಯವಂತ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಆಗ ಉಳಿಯುವ ಒತ್ತಡ ಹೊರಗಿನ ವಾಯುಭಾರದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಈ ಅರೆ ಬರಿದುತನವೇ ನಿರ್ವಾತ, ವ್ಯಾಕ್ಯೂಮ್. ಇದು ವ್ಯರ್ಥವಾಗುವ ವಸ್ತುವಲ್ಲ. ಬ್ರೇಕಿಗೆ ಬಲ ಕೊಡುವುದು ಇದೇ. ಹಳೆಯ ಕಾರುಗಳಲ್ಲಿ ಕಿಡಿಯ ಕಾಲವನ್ನು ಹಿಂದೆ ಮುಂದೆ ಸರಿಸುತ್ತಿದ್ದುದೂ ಇದೇ. ಹಿಂದಿನ ಕಾಲದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಗಾಜು ಒರೆಸುವ ವೈಪರು ಸಹ ಈ ನಿರ್ವಾತದಿಂದಲೇ ಓಡುತ್ತಿತ್ತು. ಮಳೆಯಲ್ಲಿ ಗುಡ್ಡ ಹತ್ತಲು ಆಕ್ಸಿಲರೇಟರು ಒತ್ತಿದರೆ ಥ್ರಾಟಲು ತೆರೆದು ನಿರ್ವಾತ ಇಳಿದು, ವೈಪರು ಬೇಕಾದ ಹೊತ್ತಿಗೇ ನಿಂತುಬಿಡುತ್ತಿತ್ತು!

ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಅದರ ತೂಕದ ಸುಮಾರು 14.7 ಪಾಲು ಗಾಳಿ ಬೇಕು. ಹಳೆಯ ಕಾರಿನಲ್ಲಿ ಈ ಪಾಕವನ್ನು ಕಾರ್ಬುರೇಟರು ಹದಗೊಳಿಸುತ್ತಿತ್ತು; ಹೊಸ ಕಾರಿನಲ್ಲಿ ಗಣಕಯಂತ್ರವೊಂದು ಗಾಳಿಯನ್ನು ಅಳೆದು ಇಂಜೆಕ್ಟರುಗಳ ಮೂಲಕ ಪೆಟ್ರೋಲನ್ನು ಸಿಂಪಡಿಸುತ್ತದೆ. ಎರಡರಲ್ಲಿಯೂ ನಂಬಿಕೆ ಒಂದೇ: ಒಳಗೆ ಬರುವ ಗಾಳಿಯೆಲ್ಲ ಮುಂಬಾಗಿಲಿನಿಂದಲೇ ಬರುತ್ತದೆ ಎಂಬುದು. ಥ್ರಾಟಲಿನಾಚೆ ಎಲ್ಲಿಯಾದರೂ ಒಂದು ತೂತು ಬಿದ್ದರೆ ಆ ನಂಬಿಕೆ ಸುಳ್ಳಾಗುತ್ತದೆ. ಸಾರು ಹದವಾಗಿ ಕುದಿಯುತ್ತಿರುವಾಗ ಯಾರೋ ಮರೆಯಿಂದ ನೀರು ಸುರಿದಂತೆ ಮಿಶ್ರಣ ತೆಳ್ಳಗಾಗುತ್ತದೆ.

ಸಣ್ಣ ತೂತು, ದೊಡ್ಡ ತೊಂದರೆ

ಒಂದು ಚಿಕ್ಕ ತೂತಿನಿಂದ ಇಷ್ಟೆಲ್ಲ ಆಗುವುದುಂಟೆ ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಗಾತ್ರದ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆಂದು ಭಾವಿಸಿದರೆ, ಎರಡು ಸುತ್ತಿಗೊಮ್ಮೆ ಅದು ತನ್ನ ಗಾತ್ರವನ್ನು ತುಂಬಿಕೊಳ್ಳುವುದರಿಂದ ನಿಮಿಷಕ್ಕೆ 400 ಲೀಟರ್ ಹೀರಬೇಕು. ಆದರೆ ಒಳಗಿನ ಒತ್ತಡ ಹೊರಗಿನ ಮೂರನೆಯ ಒಂದರಷ್ಟೇ ಇರುವುದರಿಂದ ಅದು ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 140 ಲೀಟರಾಗುತ್ತದೆ. ಒಂದೂವರೆ ಮಿಲಿಮೀಟರ್ ಅಗಲದ ಒಂದು ತೂತು ಇದ್ದರೆ ಅದರೊಳಗಿಂದಲೇ ನಿಮಿಷಕ್ಕೆ ಸುಮಾರು 15 ಲೀಟರ್ ಗಾಳಿ ಒಳಹೋಗುತ್ತದೆ. ಅಂದರೆ ನೂರಕ್ಕೆ ಹತ್ತರಷ್ಟು. ತೂತಿನ ಅಗಲ ಇಮ್ಮಡಿಯಾದರೆ ಗಾಳಿ ನಾಲ್ಕು ಪಟ್ಟಾಗುತ್ತದೆ.

ಅದೇ ಎಂಜಿನ್ನು ಹೆದ್ದಾರಿಯಲ್ಲಿ 3,000 ಸುತ್ತು ತಿರುಗುತ್ತ, ಥ್ರಾಟಲು ಚೆನ್ನಾಗಿ ತೆರೆದಿರುವಾಗ ನಿಮಿಷಕ್ಕೆ ಸಾವಿರ ಲೀಟರಿಗೂ ಮಿಕ್ಕಿ ಗಾಳಿಯನ್ನು ಸೇವಿಸುತ್ತದೆ. ಆಗ ನಿರ್ವಾತವೂ ಕಡಮೆ, ಸೋರಿಕೆಯೂ ಕಡಮೆ. ಸಮುದ್ರಕ್ಕೆ ಚೊಂಬು ನೀರು ಸುರಿದಂತೆ ಕಳ್ಳ ಗಾಳಿಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. ನಿಂತಾಗ ನಡುಕ, ಓಡುವಾಗ ಸುಖ ಎಂಬ ಒಗಟಿಗೆ ಇದೇ ಉತ್ತರ. ರೋಗವನ್ನು ಗುರುತಿಸಲು ಇದೇ ಮೊದಲ ಕೀಲಿಕೈ. ನಿಂತಾಗ ಸರಿಯಾಗಿದ್ದು ಏರು ಹತ್ತುವಾಗ ಉಸಿರು ಕಟ್ಟುವ ಕಾರಿನ ದೋಷ ಬಹುಮಟ್ಟಿಗೆ ಬೇರೆ ಕಡೆ ಇರುತ್ತದೆ. ಪೆಟ್ರೋಲಿನ ಪಂಪು ಸೋತಿರಬಹುದು, ಇಲ್ಲವೆ ಫಿಲ್ಟರು ಕಟ್ಟಿರಬಹುದು.

ಲಕ್ಷಣಗಳು

ಕಳ್ಳ ಗಾಳಿ ಹೊಕ್ಕ ಕಾರ್ಬುರೇಟರ್ ಕಾರು ತಣ್ಣಗಿರುವಾಗ ಹೊರಡಲು ಹಟ ಮಾಡುತ್ತದೆ. ಸ್ಲೋ ಸ್ಪೀಡಿನಲ್ಲಿ ನಿಲ್ಲದೆ ಆರಿಹೋಗುತ್ತದೆ. ಆಕ್ಸಿಲರೇಟರು ಒತ್ತಿದೊಡನೆ ಒಂದು ಕ್ಷಣ ತಡವರಿಸಿ, ಕಾರ್ಬುರೇಟರಿನ ಬಾಯಿಂದ 'ಫಟ್' ಎಂದು ಹಿಂದಕ್ಕೆ ಸಿಡಿಯುವುದೂ ಉಂಟು. ಸ್ಲೋ ಸ್ಪೀಡಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಎಂಜಿನ್ನಿನ ವೇಗವನ್ನು ಏರಿಸಿದರೆ ಆ ಹೊತ್ತಿಗೆ ಸುಧಾರಿಸಿದಂತೆ ತೋರುತ್ತದೆ. ಇದು ನೋವನ್ನು ಮರೆಸುವ ಮಾತ್ರೆಯೇ ಹೊರತು ಚಿಕಿತ್ಸೆಯಲ್ಲ.

ಇಂಜೆಕ್ಷನ್ ಕಾರಿನ ನಡವಳಿಕೆ ಬೇರೆ. ಕೆಲವು ಕಾರುಗಳಲ್ಲಿ ಗಣಕವು ಒಳಬರುವ ಗಾಳಿಯ ರಾಶಿಯನ್ನು ಮುಂಬಾಗಿಲಲ್ಲೇ ಅಳೆಯುತ್ತದೆ. ಅಂಥವುಗಳಲ್ಲಿ ಕಳ್ಳ ಗಾಳಿ ಅಳತೆಗೆ ಸಿಗದೆ ಮಿಶ್ರಣ ತೆಳ್ಳಗಾಗುತ್ತದೆ. ಹಲವು ಚಿಕ್ಕ ಕಾರುಗಳಲ್ಲಾದರೋ ಗಣಕ ನೋಡುವುದು ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು. ಗಾಳಿ ನುಸುಳಿದಾಗ ಒತ್ತಡ ಏರುತ್ತದೆ. ಗಣಕ ಅದನ್ನು ಕಂಡು "ಗಾಳಿ ಹೆಚ್ಚಾಗಿದೆ, ಪೆಟ್ರೋಲನ್ನೂ ಹೆಚ್ಚಿಸು" ಎನ್ನುತ್ತದೆ. ಪರಿಣಾಮವಾಗಿ ಎಂಜಿನ್ನು ಸಾಯುವುದರ ಬದಲು ಕಾಲಿಡದೆಯೇ ಭರ್ರನೆ ತಿರುಗತೊಡಗುತ್ತದೆ. ಗಣಕ ಗಾಬರಿಗೊಂಡು ವೇಗವನ್ನು ತಗ್ಗಿಸುತ್ತದೆ, ಮತ್ತೆ ಏರುತ್ತದೆ, ಮತ್ತೆ ತಗ್ಗಿಸುತ್ತದೆ. ಚೌಕದಲ್ಲಿ ಕೇಳಿಬರುವ ಏರಿಳಿತದ ರಾಗ ಎಷ್ಟೋ ವೇಳೆ ಹೀಗೆ ಹುಟ್ಟಿದ್ದು.

ಉಪೇಕ್ಷೆ ಮಾಡಿದರೆ ಕೇಡು ಹೆಚ್ಚುತ್ತದೆ. ಮಿಶ್ರಣ ಅತಿಯಾಗಿ ತೆಳುವಾದಾಗ ಕಿಡಿ ಹೊತ್ತಿದರೂ ಅದು ಹತ್ತಿಕೊಳ್ಳದೆ ಹಾಗೆಯೇ ಹೊರಹೋಗುತ್ತದೆ. ಇದನ್ನೇ 'ಮಿಸ್ಸಿಂಗ್' ಎನ್ನುವುದು. ಉರಿಯದ ಆ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ. ಕೆಲವು ರೂಪಾಯಿಗಳ ರಬ್ಬರ್ ಕೊಳವೆಯನ್ನು ಉಳಿಸಹೋಗಿ ಸಹಸ್ರಾರು ರೂಪಾಯಿಗಳ ಭಾಗವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಕಳ್ಳನ ಅಡಗುದಾಣಗಳು

ರಬ್ಬರಿಗೆ ಶತ್ರುಗಳು ಹಲವರು: ಎಂಜಿನ್ನಿನ ಕಾವು, ಎಣ್ಣೆಯ ಹಬೆ, ಕಾಲ. ಮೃದುವಾಗಿದ್ದ ಕೊಳವೆ ವರ್ಷಗಳು ಕಳೆದಂತೆ ಗಟ್ಟಿಯಾಗಿ, ತುದಿಯಲ್ಲಿ ಸೀಳುತ್ತದೆ. ಹಲವು ದಿನ ನಿಂತೇ ಇದ್ದ ಕಾರಿನಲ್ಲಾದರೆ ಇಲಿಯ ಹಲ್ಲೂ ಆ ಪಟ್ಟಿಗೆ ಸೇರುತ್ತದೆ. ಹುಡುಕಬೇಕಾದ ಸ್ಥಳಗಳು ಇವು: ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆ ಮತ್ತು ಅದರ ತುದಿಯ ಒಮ್ಮುಖ ಕವಾಟ, ಎಂಜಿನ್ನಿನ ಹೊಟ್ಟೆಯೊಳಗಿನ ಹಬೆಯನ್ನು ಮರಳಿ ಮ್ಯಾನಿಫೋಲ್ಡಿಗೆ ಕೊಂಡೊಯ್ಯುವ ಪಿ.ಸಿ.ವಿ. ಕವಾಟದ ಕೊಳವೆ, ಮ್ಯಾನಿಫೋಲ್ಡಿಗೂ ಎಂಜಿನ್ನಿನ ತಲೆಗೂ ನಡುವಿನ ಗ್ಯಾಸ್ಕೆಟ್, ಕಾರ್ಬುರೇಟರಿನ ಅಥವಾ ಥ್ರಾಟಲಿನ ಬುಡದ ಗ್ಯಾಸ್ಕೆಟ್, ಇಂಜೆಕ್ಟರುಗಳ ಸುತ್ತಲಿನ ರಬ್ಬರ್ ಉಂಗುರಗಳು, ಹಳೆಯ ಕಾರುಗಳಲ್ಲಿ ಸವೆದುಹೋದ ಥ್ರಾಟಲಿನ ಅಚ್ಚು ಮತ್ತು ಡಿಸ್ಟ್ರಿಬ್ಯೂಟರಿನ ಪಕ್ಕದ ವ್ಯಾಕ್ಯೂಮ್ ಡಬ್ಬಿಯ ಹರಿದ ಪರದೆ. ಹೊಸ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಹಬೆಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ಕವಾಟ ತೆರೆದಲ್ಲಿಯೇ ಸಿಕ್ಕಿಕೊಂಡರೂ ಇದೇ ಲಕ್ಷಣ ತೋರುತ್ತದೆ.

ಕಣ್ಣು, ಕಿವಿ, ಕೈ

ಪರೀಕ್ಷೆಗೆ ಮುನ್ನ ಎರಡು ಎಚ್ಚರಿಕೆಗಳು. ಎಂಜಿನ್ನನ್ನು ಓಡಿಸುವುದು ಬಯಲಿನಲ್ಲಿಯೇ ಹೊರತು ಮುಚ್ಚಿದ ಗ್ಯಾರೇಜಿನಲ್ಲಿ ಅಲ್ಲ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯಂತೂ ಇಲ್ಲವೇ ಇಲ್ಲ. ಎರಡನೆಯದಾಗಿ, ಸೀರೆಯ ಸೆರಗು, ಪಂಚೆಯ ಚುಂಗು, ಸಡಿಲವಾದ ತೋಳು ಇವುಗಳನ್ನು ಕಟ್ಟಿಕೊಂಡಿರಬೇಕು. ರೇಡಿಯೇಟರಿನ ವಿದ್ಯುತ್ ಪಂಕ ಹೇಳದೆ ಕೇಳದೆ ತಿರುಗಲಾರಂಭಿಸುತ್ತದೆ.

ಮೊದಲು ಎಂಜಿನ್ನು ನಿಂತಿರುವಾಗಲೇ ಎಲ್ಲ ಕೊಳವೆಗಳನ್ನೂ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸತಕ್ಕದ್ದು. ಬಾಗಿಸಿದಾಗ ಬಾಯಿ ತೆರೆಯುವ ಬಿರುಕು ನೇರವಾಗಿದ್ದಾಗ ಕಾಣದು. ಕ್ಲಿಪ್ಪು ಸಡಿಲವಾಗಿದೆಯೆ, ಯಾವುದಾದರೂ ಕೊಳವೆ ತನ್ನ ಮೂತಿಯಿಂದ ಕಳಚಿಕೊಂಡಿದೆಯೆ ಎಂಬುದನ್ನು ಅಡಿಯ ಕಡೆಯೂ ನೋಡಬೇಕು. ಅರ್ಧ ಪಾಲು ಕಳ್ಳರು ಇಷ್ಟಕ್ಕೇ ಸಿಕ್ಕಿಬಿದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಕಿವಿಯ ಕೆಲಸ. ನಿರ್ವಾತ ಗಾಢವಾಗಿರುವಾಗ ಸಣ್ಣ ರಂಧ್ರದೊಳಕ್ಕೆ ನುಗ್ಗುವ ಗಾಳಿ ಶಬ್ದದ ವೇಗವನ್ನೇ ಮುಟ್ಟುತ್ತದೆ. 'ಸ್ಸ್...' ಎಂಬ ಹಾವಿನ ಬುಸುಗುಟ್ಟುವಿಕೆ ಹುಟ್ಟುವುದು ಅದರಿಂದಲೇ. ಎಂಜಿನ್ನಿನ ಗದ್ದಲದಲ್ಲಿ ಅದರ ಜಾಗವನ್ನು ಗುರುತಿಸುವುದು ಕಷ್ಟ. ಎರಡಡಿ ಉದ್ದದ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು ಇನ್ನೊಂದು ತುದಿಯನ್ನು ಒಂದೊಂದೇ ಸಂದಿನ ಬಳಿ ಆಡಿಸಿದರೆ, ವೈದ್ಯರ ಸ್ಟೆಥಾಸ್ಕೋಪಿನಂತೆ ಅದು ಸದ್ದಿನ ನೆಲೆಯನ್ನು ತೋರಿಸಿಕೊಡುತ್ತದೆ.

ಮೂರನೆಯದು ಕೈಯ ಕೆಲಸ. ಎಂಜಿನ್ನು ಓಡುತ್ತಿರುವಾಗ ಮ್ಯಾನಿಫೋಲ್ಡಿಗೆ ಸೇರುವ ಕೊಳವೆಗಳನ್ನು ಒಂದಾದ ಮೇಲೊಂದರಂತೆ, ಬುಡದ ಹತ್ತಿರ, ರಬ್ಬರಿಗೆ ಗಾಯವಾಗದಂತೆ ಒತ್ತಿ ಮುಚ್ಚಬೇಕು. ಯಾವ ಕೊಳವೆಯನ್ನು ಮುಚ್ಚಿದಾಗ ನಡುಕ ನಿಲ್ಲುತ್ತದೆಯೋ ಆ ಕೊಳವೆಯ ಕಡೆಯಲ್ಲೇ ಕಳ್ಳನಿದ್ದಾನೆ. ಎಲ್ಲವನ್ನೂ ಮುಚ್ಚಿದರೂ ವ್ಯತ್ಯಾಸ ಕಾಣದಿದ್ದರೆ ದೋಷ ಗ್ಯಾಸ್ಕೆಟ್ಟಿನಲ್ಲಿರಬಹುದೆಂಬ ಸಂಶಯ ಬಲವಾಗುತ್ತದೆ.

ಪಾದರಸದ ಅಂಗುಲಗಳು

ಸಂಶಯವನ್ನು ಅಂಕೆಗಳಿಗೆ ಇಳಿಸುವ ಸಾಧನ ವ್ಯಾಕ್ಯೂಮ್ ಗೇಜು. ಗಡಿಯಾರದ ಮುಖದಂತಿರುವ ಈ ಅಗ್ಗದ ಉಪಕರಣವನ್ನು ಮ್ಯಾನಿಫೋಲ್ಡಿನ ಒಂದು ಮೂತಿಗೆ ಸಿಕ್ಕಿಸಿ, ಬಿಸಿಯಾದ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟರೆ ಮುಳ್ಳು ಎಷ್ಟು ಅಂಗುಲ ಪಾದರಸದ ನಿರ್ವಾತವಿದೆಯೆಂದು ತೋರಿಸುತ್ತದೆ. ಇಟಲಿಯ ಟಾರಿಚೆಲ್ಲಿ 17ನೆಯ ಶತಮಾನದಲ್ಲಿ ಗಾಜಿನ ನಳಿಕೆಯಲ್ಲಿ ಪಾದರಸವನ್ನು ನಿಲ್ಲಿಸಿ ವಾಯುಭಾರವನ್ನು ತೋರಿಸಿದ ದಿನಗಳ ನೆನಪು ಈ ಅಳತೆಯಲ್ಲಿ ಇಂದಿಗೂ ಉಳಿದುಬಂದಿದೆ. ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 30 ಅಂಗುಲ ಪಾದರಸವನ್ನು ಎತ್ತಿ ಹಿಡಿಯಬಲ್ಲದು.

ಆರೋಗ್ಯವಂತ ಎಂಜಿನ್ನು 17ರಿಂದ 22 ಅಂಗುಲಗಳವರೆಗೆ ತೋರಿಸಬೇಕು, ಮುಳ್ಳು ಅಲುಗಾಡದೆ ನಿಲ್ಲಬೇಕು ಎಂದು ಕೈಪಿಡಿಗಳು ಹೇಳುತ್ತವೆ. ಇಲ್ಲಿ ಕನ್ನಡನಾಡಿನವರು ಒಂದು ಮಾತನ್ನು ಮರೆಯಬಾರದು. ಆ ಅಂಕೆಗಳು ಸಮುದ್ರಮಟ್ಟಕ್ಕೆ ಸಲ್ಲತಕ್ಕವು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚು ಕಡಮೆ ಒಂದು ಅಂಗುಲವನ್ನು ಕಳೆಯಬೇಕು. ಮಂಗಳೂರಿನಲ್ಲಿ 19 ಅಂಗುಲ ತೋರಿಸಿದ ಕಾರು ಸುಮಾರು 3,000 ಅಡಿ ಎತ್ತರದ ಬೆಂಗಳೂರಿಗೆ ಬಂದಾಗ 16 ತೋರಿಸಿದರೆ ಅದಕ್ಕೆ ಯಾವ ರೋಗವೂ ಇಲ್ಲ. ಅದಕ್ಕಿಂತಲೂ ಎತ್ತರದ ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಮೆಯಾಗುವುದು ಸಹಜ. ಈ ಲೆಕ್ಕವನ್ನು ಅರಿಯದೆ ನಿರೋಗಿಯಾದ ಎಂಜಿನ್ನನ್ನು ಬಿಚ್ಚಿ ಹರಡಿದರೆ ನಷ್ಟ ಯಾರಿಗೆ?

ಎತ್ತರದ ಲೆಕ್ಕವನ್ನು ಕಳೆದ ಮೇಲೆಯೂ ಮುಳ್ಳು ಮೂರು ನಾಲ್ಕು ಅಂಗುಲ ಕೆಳಗೆ ಸ್ಥಿರವಾಗಿ ನಿಂತಿದ್ದರೆ ಕಳ್ಳ ಗಾಳಿಯನ್ನು ಸಂಶಯಿಸಬಹುದು. ಕಿಡಿ ತಡವಾಗಿ ಹೊತ್ತುತ್ತಿದ್ದರೂ ಮುಳ್ಳು ಕೆಳಗಿಳಿಯುವುದುಂಟು; ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು. ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಒಂದೇ ಅಳತೆಯಲ್ಲಿ ಕುಸಿಯುವ ಮುಳ್ಳು ಸುಟ್ಟ ಕವಾಟವನ್ನು ಸೂಚಿಸಬಹುದು. ಗೇಜು ಸಾಕ್ಷಿ ಹೇಳುತ್ತದೆ. ನ್ಯಾಯಾಧೀಶನ ಕೆಲಸ ಮನುಷ್ಯನದು.

ಬೆಂಕಿಯೊಡನೆ ಸರಸ ಬೇಡ

ಗ್ಯಾಸ್ಕೆಟ್ಟಿನ ಸೋರಿಕೆಯನ್ನು ಹಿಡಿಯಲು ಹಳೆಯ ಉಪಾಯವೊಂದಿದೆ. ಸಂಶಯವಿದ್ದ ಸಂದಿಗೆ ಪೆಟ್ರೋಲನ್ನೋ ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನೋ ಚಿಮುಕಿಸುವುದು. ಅದು ಒಳಕ್ಕೆ ಹೀರಲ್ಪಟ್ಟರೆ ತೆಳ್ಳಗಿದ್ದ ಮಿಶ್ರಣ ಸಮೃದ್ಧವಾಗಿ ಎಂಜಿನ್ನಿನ ವೇಗ ಥಟ್ಟನೆ ಬದಲಾಗುತ್ತದೆ. ಉಪಾಯ ಫಲಕಾರಿ, ಆದರೆ ಅಪಾಯವೂ ಅಷ್ಟೇ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡಿರುವ ಮನೆಗಳಿವೆ. ಅದರ ಬಹುಕಾಲದ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಹೀರುವ ಮ್ಯಾನಿಫೋಲ್ಡೂ ಹೊಗೆ ಉಗುಳುವ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿ, ಒಂದಕ್ಕೊಂದು ತಾಗಿದಂತಿವೆ. ಅಂಥಲ್ಲಿ ಪೆಟ್ರೋಲು ಚಿಮುಕಿಸುವುದೆಂದರೆ ಉರಿಯುವ ಒಲೆಯ ಮೇಲೆ ಸೀಮೆಎಣ್ಣೆ ಸುರಿದಂತೆ. ಮನೆಯಲ್ಲಿ ಈ ಪ್ರಯೋಗವನ್ನು ಖಂಡಿತವಾಗಿ ಮಾಡಕೂಡದು.

ಅದರ ಬದಲು ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಸೀಸೆಯೇ ಸಾಕು. ಸಂದಿನ ಮೇಲೆ ಮಂಜಿನಂತೆ ನೀರು ಹಾಯಿಸಿದಾಗ ಬಿರುಕನ್ನು ನೀರು ಕ್ಷಣಕಾಲ ಮುಚ್ಚುತ್ತದೆ. ಬುಸುಗುಟ್ಟುವ ಸದ್ದು ಬದಲಾಗುತ್ತದೆ, ಇಲ್ಲವೆ ಎಂಜಿನ್ನಿನ ಓಟದಲ್ಲಿ ವ್ಯತ್ಯಾಸ ತಲೆದೋರುತ್ತದೆ. ಕಿಡಿಯ ತಂತಿಗಳ ಮೇಲೂ ಕಾದ ಹೊಗೆಕೊಳವೆಯ ಮೇಲೂ ನೀರು ಬೀಳದಂತೆ ನೋಡಿಕೊಂಡರೆ ಆಯಿತು.

ಹೊಗೆ ಮತ್ತು ಗಣಕ

ಒಳ್ಳೆಯ ಕಾರ್ಯಾಗಾರಗಳಲ್ಲಿ ಇಂದು ಹೊಗೆಯ ಯಂತ್ರವಿರುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಗಾಳಿಯ ದಾರಿಯನ್ನು ಮುಚ್ಚಿ, ಖನಿಜ ತೈಲವನ್ನು ಕಾಯಿಸಿದ ಬಿಳಿಯ ಹೊಗೆಯನ್ನು ಬಹಳ ಮೆಲುವಾದ ಒತ್ತಡದಿಂದ ಮ್ಯಾನಿಫೋಲ್ಡಿನೊಳಕ್ಕೆ ಬಿಡುತ್ತಾರೆ. ಗಾಳಿ ಒಳನುಸುಳುತ್ತಿದ್ದ ದಾರಿಯಿಂದಲೇ ಹೊಗೆ ಹೊರಬರುತ್ತದೆ. ಊದುಬತ್ತಿಯ ಎಳೆಯಂತೆ ಅದು ಮೇಲೇಳುವ ಸ್ಥಳವೇ ಕಳ್ಳನ ಮನೆ. ಬೆಂಕಿಯ ಭಯವಿಲ್ಲದ, ಊಹೆಗೆ ಎಡೆಯಿಲ್ಲದ ಪರೀಕ್ಷೆ ಇದು.

ಇಂಜೆಕ್ಷನ್ ಕಾರಿನಲ್ಲಿ ಇನ್ನೊಬ್ಬ ಸಾಕ್ಷಿಯಿದ್ದಾನೆ. ಹೊಗೆಕೊಳವೆಯಲ್ಲಿನ ಆಮ್ಲಜನಕ ಸಂವೇದಕದ ಮಾತನ್ನು ಕೇಳಿ ಗಣಕವು ಪೆಟ್ರೋಲನ್ನು ಎಷ್ಟು ಶೇಕಡ ಹೆಚ್ಚಿಸಿದೆ, ಎಷ್ಟು ಕಡಮೆ ಮಾಡಿದೆ ಎಂಬ ಲೆಕ್ಕವನ್ನು ಬರೆದಿಟ್ಟುಕೊಂಡಿರುತ್ತದೆ. 'ಫ್ಯೂಯೆಲ್ ಟ್ರಿಮ್' ಎಂಬ ಈ ಅಂಕೆಯನ್ನು ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರನ್ನು ಸಿಕ್ಕಿಸಿ ಓದಬಹುದು. ಸೊನ್ನೆಯ ಆಚೀಚೆ ಐದಾರು ಶೇಕಡ ಸಹಜ. ಗಾಳಿಯ ರಾಶಿಯನ್ನು ಅಳೆಯುವ ಕಾರಿನಲ್ಲಿ, ನಿಂತಾಗ ಶೇಕಡ 20ರಷ್ಟು ಹೆಚ್ಚಳವಿದ್ದು 2,500 ಸುತ್ತಿಗೆ ಏರಿಸಿದಾಗ ಅದು ಶೇಕಡ 5ಕ್ಕೆ ಇಳಿದರೆ ಕಳ್ಳ ಗಾಳಿಯ ಮೇಲಿನ ಆರೋಪ ಬಹುಮಟ್ಟಿಗೆ ಸಾಬೀತಾದಂತೆ. ವೇಗ ಏರಿದಂತೆ ಅಂಕೆಯೂ ಏರಿದರೆ ಪೆಟ್ರೋಲಿನ ಸರಬರಾಜನ್ನು ನೋಡಬೇಕು. ಒತ್ತಡವನ್ನು ಅಳೆಯುವ ಕಾರಿನಲ್ಲಿ ಅಂಕೆ ಸಹಜವಾಗಿಯೇ ಇದ್ದು, ವೇಗ ಮಾತ್ರ ಹೆಚ್ಚಿರಬಹುದು.

ಹಲಗೆಯ ಮೇಲೆ ಎಂಜಿನ್ನಿನ ದೀಪ ಹತ್ತಿದಾಗ ಸ್ಕ್ಯಾನರು 'ಪಿ 0171' ಎಂದು ತೋರಿಸಿತೆನ್ನೋಣ. ಅದರ ಅರ್ಥ 'ಮಿಶ್ರಣ ತೆಳುವಾಗಿದೆ' ಎಂಬುದಷ್ಟೆ. 'ಸಂವೇದಕವನ್ನು ಬದಲಾಯಿಸು' ಎಂದು ಅದು ಹೇಳುವುದಿಲ್ಲ. ಜ್ವರಮಾಪಕ 102 ಡಿಗ್ರಿ ತೋರಿಸಿತೆಂದು ಜ್ವರಮಾಪಕವನ್ನೇ ಬದಲಾಯಿಸುವ ವೈದ್ಯರು ಉಂಟೆ? ಹಾಗಿದ್ದೂ ಸುದ್ದಿ ತಂದ ಸಂವೇದಕವನ್ನೇ ಕಿತ್ತೆಸೆಯುವ ಪದ್ಧತಿ ಇಲ್ಲದಿಲ್ಲ. ಕಾರಿನ ಯಜಮಾನರು "ಸೋರಿಕೆಯನ್ನು ಪರೀಕ್ಷಿಸಿದಿರಾ? ಎಲ್ಲಿ ಸೋರುತ್ತಿದೆ, ತೋರಿಸಿ" ಎಂಬ ಎರಡು ಮಾತುಗಳನ್ನು ಕೇಳಿದರೂ ಸಾಕು, ಬಹಳಷ್ಟು ಹಣ ಉಳಿಯುತ್ತದೆ.

ಬ್ರೇಕಿನ ಪ್ರಶ್ನೆ

ಇಷ್ಟರವರೆಗಿನದು ಹಣದ ಮಾತಾಯಿತು. ಪ್ರಾಣದ ಮಾತು ಮುಂದಿದೆ. ಬ್ರೇಕ್ ಪೆಡಲಿನ ಮುಂದೆ, ಎಂಜಿನ್ನಿನ ಕೋಣೆಯ ಗೋಡೆಗೆ ಅಂಟಿಕೊಂಡಂತೆ, ಕಡಾಯಿ ಕವುಚಿಟ್ಟಂಥ ದುಂಡನೆಯ ಡಬ್ಬಿಯೊಂದಿದೆ, ಅದೇ ಬೂಸ್ಟರು. ಅದರೊಳಗಿನ ಪರದೆಯ ಒಂದು ಪಕ್ಕಕ್ಕೆ ನಿರ್ವಾತ, ಪೆಡಲು ಒತ್ತಿದಾಗ ಇನ್ನೊಂದು ಪಕ್ಕಕ್ಕೆ ಹೊರಗಾಳಿ. ಪರದೆಯ ಅಗಲ ಎಂಟು ಅಂಗುಲವಾದರೆ, 18 ಅಂಗುಲ ನಿರ್ವಾತದಲ್ಲಿ ಹೊರಗಾಳಿ ಅದನ್ನು ಸುಮಾರು 200 ಕಿಲೋಗ್ರಾಂ ಭಾರದಷ್ಟು ಬಲದಿಂದ ನೂಕಬಲ್ಲದು. ತೆಳ್ಳಗಿನ ಹುಡುಗಿಯೊಬ್ಬಳು ಒಂದು ಟನ್ನಿನ ಕಾರನ್ನು ಮುಂಗಾಲಿನಿಂದ ನಿಲ್ಲಿಸಬಲ್ಲಳಾದರೆ ಅದು ಈ ಪರದೆಯ ಕೃಪೆ.

ಬೆಂಗಳೂರಿನಿಂದ ಕರಾವಳಿಗೆ ಹೊರಟ ಕುಟುಂಬ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತಿದೆಯೆಂದುಕೊಳ್ಳಿ. ಬೂಸ್ಟರಿನ ಕೊಳವೆ ಸೋರುತ್ತಿದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಚಾಲಕರು ಕ್ಲಚ್ಚು ಒತ್ತಿ ವೇಗ ತಗ್ಗಿಸುತ್ತಾರೆ. ತೆಳುವಾದ ಮಿಶ್ರಣದ ಎಂಜಿನ್ನು ಆ ಕ್ಷಣದಲ್ಲೇ ಆರಿಹೋಗುತ್ತದೆ. ಕೊಳವೆ ಸರಿಯಿದ್ದಿದ್ದರೆ ಒಮ್ಮುಖ ಕವಾಟ ಹಿಡಿದಿಟ್ಟ ನಿರ್ವಾತದಿಂದ ಎರಡು ಮೂರು ಬಾರಿಯಾದರೂ ಬ್ರೇಕು ಮೃದುವಾಗಿ ಹಿಡಿಯುತ್ತಿತ್ತು. ಸೋರಿಕೆ ಕವಾಟದಿಂದಾಚೆಗೆ, ಬೂಸ್ಟರಿನ ಕಡೆಗೆ ಇದ್ದರೆ ಅದೂ ಇಲ್ಲ, ಪೆಡಲು ಕಲ್ಲಿನಂತಾಗುತ್ತದೆ. ಬ್ರೇಕು ಪೂರ್ತಿ ಕೈಬಿಡುವುದಿಲ್ಲವೆಂಬುದು ನಿಜ. ಮೊದಲಿನ ಹಲವು ಪಟ್ಟು ಬಲವನ್ನು ಹಾಕಿ ತುಳಿಯಬೇಕು. ಆ ತಿಳಿವಳಿಕೆ ಆ ಕ್ಷಣದಲ್ಲಿ ಕಾಲಿಗೆ ಇರಬೇಕಲ್ಲ! ಪೆಟ್ರೋಲು ಉಳಿಸುವ ಆಸೆಯಿಂದ ಘಾಟಿಯಲ್ಲಿ ಎಂಜಿನ್ನನ್ನು ಆರಿಸಿ ಇಳಿಯುವವರು ಈ ಕಷ್ಟವನ್ನು ತಾವೇ ಕೈಯಾರೆ ತಂದುಕೊಳ್ಳುತ್ತಾರೆ.

ಪ್ರಯಾಣಕ್ಕೆ ಮುನ್ನ ಮನೆಯಂಗಳದಲ್ಲಿಯೇ ಮಾಡಬಹುದಾದ ಪರೀಕ್ಷೆ ಬಹು ಸುಲಭ. ಎಂಜಿನ್ನು ನಿಂತಿರುವಾಗ ಬ್ರೇಕ್ ಪೆಡಲನ್ನು ಐದಾರು ಬಾರಿ ತುಳಿದು ಉಳಿದ ನಿರ್ವಾತವನ್ನೆಲ್ಲ ಖಾಲಿ ಮಾಡಬೇಕು. ಪೆಡಲು ಗಟ್ಟಿಯಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿಟ್ಟುಕೊಂಡು ಎಂಜಿನ್ನನ್ನು ಚಾಲೂ ಮಾಡಿದರೆ ಪೆಡಲು ಒಂದಿಷ್ಟು ಕೆಳಕ್ಕೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ನಿರ್ವಾತ ತಲುಪುತ್ತಿಲ್ಲ, ಇಲ್ಲವೆ ಬೂಸ್ಟರೇ ಕೆಟ್ಟಿದೆ. ಪೆಡಲು ಒತ್ತಿ ಹಿಡಿದಿರುವಷ್ಟು ಕಾಲ ಎಂಜಿನ್ನು ನಡುಗಿ, ಪೆಡಲಿನ ಬಳಿ ಬುಸುಗುಟ್ಟುವ ಸದ್ದು ಕೇಳಿಸುತ್ತಿದ್ದರೆ ಒಳಗಿನ ಪರದೆ ಹರಿದಿರುವ ಸಂಭವ ಹೆಚ್ಚು. ಈ ಎರಡರಲ್ಲಿ ಯಾವುದು ಕಂಡರೂ ಘಾಟಿಯ ಪ್ರಯಾಣವನ್ನು ಮುಂದೂಡಿ ಮೆಕ್ಯಾನಿಕ್ಕಿನ ಬಳಿಗೆ ಹೋಗುವುದೇ ವಿವೇಕ.

ಡೀಸೆಲ್ ಕಾರಿನವರಿಗೆ ಮ್ಯಾನಿಫೋಲ್ಡಿನ ಈ ತಾಪತ್ರಯ ಸಾಮಾನ್ಯವಾಗಿ ಇಲ್ಲ. ಅದರ ಬ್ರೇಕಿಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಇರುತ್ತದೆ. ಆದರೆ ಬೂಸ್ಟರೂ ಕೊಳವೆಯೂ ಅಲ್ಲಿಯೂ ಇರುವುದರಿಂದ ಬ್ರೇಕಿನ ಪರೀಕ್ಷೆ ಅವರಿಗೂ ಸಲ್ಲುತ್ತದೆ. ವಿದ್ಯುತ್ ಕಾರಿನಲ್ಲಿ ಹೀರುವ ಎಂಜಿನ್ನೇ ಇಲ್ಲ. ಬ್ರೇಕಿನ ಬಲಕ್ಕೆ ವಿದ್ಯುತ್ತೇ ಆಧಾರ.

ಚಿಕಿತ್ಸೆ

ಕಳ್ಳ ಸಿಕ್ಕಮೇಲೆ ಶಿಕ್ಷೆ ಸರಳ. ಸೀಳಿದ ಕೊಳವೆಗೆ ಟೇಪು ಸುತ್ತುವುದು ಊರು ಸೇರುವವರೆಗಿನ ಉಪಾಯ. ಹೊಸದನ್ನು ಹಾಕುವಾಗ ನಿರ್ವಾತಕ್ಕೆಂದೇ ತಯಾರಾದ, ಎಣ್ಣೆಗೂ ಕಾವಿಗೂ ಜಗ್ಗದ ದಪ್ಪ ಗೋಡೆಯ ಕೊಳವೆಯನ್ನು ಆರಿಸಬೇಕು. ತೋಟದ ನೀರಿನ ಪೈಪಿನ ತುಂಡು ಒಳಗಿನ ಸೆಳೆತಕ್ಕೆ ಚಪ್ಪಟೆಯಾಗಿಬಿಡುತ್ತದೆ. ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಲವಾಗಿ ಬಿಗಿಯದೆ, ತಯಾರಕರು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ಲೋಹ ಸೊಟ್ಟಗಾಗಿ ಹೊಸ ಸೋರಿಕೆ ಹುಟ್ಟುತ್ತದೆ.

ಕಡೆಯದಾಗಿ ಎರಡು ಕೆಲಸಗಳು ಉಳಿಯುತ್ತವೆ. ರೋಗವನ್ನು ಮರೆಮಾಚಲು ಹಿಂದೆ ಏರಿಸಿದ್ದ ಸ್ಲೋ ಸ್ಪೀಡಿನ ಸ್ಕ್ರೂವನ್ನು ಮತ್ತೆ ಅದರ ಸ್ಥಾನಕ್ಕೆ ತರಬೇಕು. ಇಂಜೆಕ್ಷನ್ ಕಾರಾದರೆ ಗಣಕವು ರೂಢಿಸಿಕೊಂಡಿದ್ದ ಹಳೆಯ ಲೆಕ್ಕವನ್ನು ಅಳಿಸಬೇಕು. ಅನಂತರ ಯಾವ ಪರೀಕ್ಷೆಯಿಂದ ದೋಷವನ್ನು ಕಂಡುಹಿಡಿದರೋ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬೇಕು. ಮುಳ್ಳು ತನ್ನ ಮನೆಗೆ ಮರಳಿ ಅಲುಗಾಡದೆ ನಿಂತರೆ ಕೆಲಸ ಮುಗಿದಂತೆ.

ನೋಡುವುದು, ಕೇಳುವುದು, ಅಳೆಯುವುದು, ಆಮೇಲೆ ಕೈಹಚ್ಚುವುದು ಎಂಬ ಈ ಕ್ರಮದಲ್ಲಿ ಮನೆಯವರ ಪಾಲೂ ಉಂಟು. ಹೋಸ್ ಪೈಪನ್ನು ಬದಲಾಯಿಸುವ ಕೈಚಳಕ ಎಲ್ಲರಿಗೂ ಇರಲಾರದು. ಆದರೆ ಕಾರು ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ ಎಂಬುದನ್ನು ಗಮನವಿಟ್ಟು ಹೇಳಲು ಎಲ್ಲರಿಗೂ ಸಾಧ್ಯ. ಆ ಒಂದು ಮಾತೇ ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ದಾರಿ. ಚೌಕದಲ್ಲಿ ಅಜ್ಜಿ ಪಟ್ಟ ಗಾಬರಿಯನ್ನು ನಕ್ಕು ಮರೆಯದೆ ಅಂದೇ ಗುರುತಿಸಿಟ್ಟುಕೊಂಡ ಮನೆಯವರು ಘಾಟಿಯ ತಿರುವಿನಲ್ಲಿ ಗಾಬರಿಪಡಬೇಕಾದ ಸಂದರ್ಭ ಬಹು ವಿರಳ.